ಕಾಶಿಯಲ್ಲಿ ಕಾಂತವಿಲ್ಲದ ವಸ್ತುವೇ ಇಲ್ಲ

ದಶಾಶ್ವಮೇಧ ಘಾಟಿನ ಕೆಳಮೆಟ್ಟಿಲಲ್ಲಿ, ಮೊಣಕಾಲುದ್ದ ನೀರಲ್ಲಿ ನಿಂತ ಹುಡುಗರ ಕೈಯನ್ನೇ ನೋಡಿ. ಹಗ್ಗದ ತುದಿಗೆ ಬಿಗಿದ ಕಪ್ಪು ಬಿಲ್ಲೆಯನ್ನು ಗಂಗೆಗೆ ಎಸೆಯುತ್ತಾರೆ, ತಳದ ಕೆಸರಿನ ಮೇಲೆ ಹಾಯಿಸಿ ಮೆಲ್ಲಗೆ ಎಳೆಯುತ್ತಾರೆ. ಬಿಲ್ಲೆ ಮೇಲೆ ಬಂದಾಗ ಅದರ ಮೈಗೆ ಭಕ್ತರು ಕೈಮುಗಿದು ಹಾಕಿದ ಒಂದು ರೂಪಾಯಿ, ಎರಡು ರೂಪಾಯಿ ನಾಣ್ಯಗಳು ಕಚ್ಚಿಕೊಂಡಿರುತ್ತವೆ. ಜೊತೆಗೊಂದು ತುಕ್ಕು ಹಿಡಿದ ಮೊಳೆ, ಅಂಚಿನ ಸುತ್ತ ನಿಮಿರಿ ನಿಂತ ಕಪ್ಪು ಮರಳಿನ ಕಣಗಳು. ಹಳದಿ ಬಣ್ಣದ ಐದು ರೂಪಾಯಿ ಮಾತ್ರ ಬರುವುದಿಲ್ಲ. ಎಷ್ಟು ಸಲ ಎಸೆದರೂ ಬರುವುದಿಲ್ಲ. ಅದು ಬೇಕೆಂದರೆ ಹುಡುಗ ಮುಳುಗಲೇಬೇಕು.

ಇಷ್ಟರಲ್ಲೇ ಮೂರು ಬಗೆಯ ಕಾಂತತ್ವ ನಮ್ಮ ಕಣ್ಣೆದುರು ಹಾದುಹೋಯಿತು! ಹಳೆಯ ಸ್ಪೀಕರಿನಿಂದ ಕಿತ್ತ ಅಂಥ ಕಪ್ಪು ಬಿಲ್ಲೆ ಲೋಹವೇ ಅಲ್ಲ. ಕಬ್ಬಿಣದ ಆಕ್ಸೈಡಿಗೆ ಬೇರಿಯಂ ಇಲ್ಲವೇ ಸ್ಟ್ರಾಂಷಿಯಂ ಬೆರೆಸಿ, ಅಚ್ಚೊತ್ತಿ, ಭಟ್ಟಿಯಲ್ಲಿ ಸುಟ್ಟು ಮಾಡಿದ ಫೆರೈಟ್ ಅದು, ಅದರದು ಫೆರಿಮ್ಯಾಗ್ನೆಟಿಸಂ. ಅಂಟಿಕೊಂಡು ಬಂದ ನಾಣ್ಯ ಕ್ರೋಮಿಯಂ ಬೆರೆತ ಉಕ್ಕು; ಅದರದು ಫೆರೋಮ್ಯಾಗ್ನೆಟಿಸಂ. ಒಂದೇ ಅಕ್ಷರದ ವ್ಯತ್ಯಾಸದ ಹೆಸರು, ಒಳಗಿನ ಏರ್ಪಾಡು ಮಾತ್ರ ಬೇರೆಯೇ. ಇವೆರಡನ್ನೂ ತನ್ನೊಳಗಿಟ್ಟುಕೊಂಡ ಗಂಗೆಯ ನೀರಿನದು ಡಯಾಮ್ಯಾಗ್ನೆಟಿಸಂ. ಅಯಸ್ಕಾಂತ ಹತ್ತಿರ ಬಂದರೆ ನೀರು ದೂರ ಸರಿಯುತ್ತದೆ. ಕಣ್ಣಿಗೆ ಕಾಣದಷ್ಟು ಕೊಂಚ, ಆದರೆ ನಿಜವಾಗಿ ಸರಿಯುತ್ತದೆ. ಹುಡುಗ ಎಸೆದ ಬಿಲ್ಲೆಯನ್ನು ಗಂಗೆ ಪ್ರತಿ ಸಲವೂ ತಳ್ಳುತ್ತಿದ್ದಾಳೆ!

ಕಬ್ಬಿಣಕ್ಕೆ ಕಾಂತತ್ವವುಂಟು, ಮಿಕ್ಕದ್ದಕ್ಕೆ ಇಲ್ಲ ಎಂದು ಶಾಲೆಯಲ್ಲಿ ಕಲಿತು ನಾವೆಲ್ಲ ದೊಡ್ಡವರಾದೆವು. ಲೋಕದಲ್ಲಿ ಕಾಂತತ್ವವಿಲ್ಲದ ವಸ್ತುವೇ ಇಲ್ಲ. ಇದನ್ನು ಮೊದಲು ಕಣ್ಣಾರೆ ಕಂಡವನು ಮೈಕೇಲ್ ಫ್ಯಾರಡೆ. 1845ರಲ್ಲಿ ಅವನು ಭಾರವಾದ ಸೀಸದ ಗಾಜಿನ ತುಂಡನ್ನು ಬಲವಾದ ವಿದ್ಯುತ್ಕಾಂತದ ಎರಡು ಧ್ರುವಗಳ ನಡುವೆ ದಾರದಲ್ಲಿ ತೂಗಿಬಿಟ್ಟ. ಕಬ್ಬಿಣವಾಗಿದ್ದರೆ ಧ್ರುವದಿಂದ ಧ್ರುವಕ್ಕೆ ಉದ್ದವಾಗಿ ನಿಲ್ಲಬೇಕಿತ್ತು. ಗಾಜು ಅಡ್ಡ ತಿರುಗಿ ನಿಂತಿತು. ಆಮೇಲೆ ಅವನಿಗೆ ತಡೆಯಲಾಗಲಿಲ್ಲ. ಮರ, ಸೇಬು, ಬ್ರೆಡ್ಡು, ದಂತ, ಕೈಗೆ ಸಿಕ್ಕಿದ್ದನ್ನೆಲ್ಲ ಅಲ್ಲಿ ತೂಗಿಹಾಕಿದ. ಎಲ್ಲವೂ ಪ್ರತಿಕ್ರಿಯಿಸಿದವು. ಸುಮ್ಮನೆ ಉಳಿದದ್ದು ಒಂದೂ ಇಲ್ಲ.

ಆ ಕಣ್ಣಿನಿಂದ ಕಾಶಿಯನ್ನು ನೋಡುತ್ತ ನಡೆಯಿರಿ. ಠಠೇರಿ ಬಜಾರಿನಲ್ಲಿ ತಟ್ಟಿ ತಟ್ಟಿ ಮಾಡುವ ತಾಮ್ರದ ಕೊಡ ಡಯಾಮ್ಯಾಗ್ನೆಟಿಕ್. ಮದನಪುರದ ಮಗ್ಗದ ಮೇಲಿನ ರೇಷ್ಮೆ ಡಯಾಮ್ಯಾಗ್ನೆಟಿಕ್, ಅದರ ಜರಿಯ ಬೆಳ್ಳಿ ಡಯಾಮ್ಯಾಗ್ನೆಟಿಕ್, ಬೆಳ್ಳಿಯ ಮೇಲಿನ ಚಿನ್ನದ ಲೇಪವೂ ಅದೇ. ಕಾಶಿಯಾತ್ರೆ ಮುಗಿಸಿದ ನಮ್ಮ ಹಿರಿಯರು ಕರ್ನಾಟಕ ಘಾಟಿನಿಂದ ಮನೆಗೆ ತಂದು ದೇವರ ಕೋಣೆಯಲ್ಲಿಟ್ಟ, ಬಾಯಿಗೆ ಬೆಸುಗೆ ಹಾಕಿದ ಗಂಗೆಯ ಗಿಂಡಿಯಲ್ಲಿ ತಾಮ್ರವೂ ನೀರೂ ಎರಡೂ ಅಯಸ್ಕಾಂತದಿಂದ ಹಿಂಜರಿಯುವಂಥವು. ಅದನ್ನು ಹೊತ್ತು ತಂದವರ ಮೈಯೂ ಬಹುಪಾಲು ನೀರೇ, ಆದ್ದರಿಂದ ಅವರೂ ಡಯಾಮ್ಯಾಗ್ನೆಟಿಕ್, ನಾವೂ ಡಯಾಮ್ಯಾಗ್ನೆಟಿಕ್. ನೀರಿನ ಈ ಗುಣ ತೀರಾ ಕ್ಷೀಣ. ಹೊರಗಿನ ಕಾಂತಕ್ಷೇತ್ರದ ಲಕ್ಷ ಭಾಗದಲ್ಲಿ ಒಂದು ಭಾಗದಷ್ಟೂ ಇಲ್ಲ. ಆದರೆ ಕ್ಷೇತ್ರವನ್ನೇ ದೊಡ್ಡದು ಮಾಡಿದರೆ? 1997ರಲ್ಲಿ ನೆದರ್ಲೆಂಡ್ಸಿನ ನೈಮೆಖೆನ್‌ನಲ್ಲಿ ಆಂಡ್ರೆ ಗೈಮ್ ಮತ್ತು ಸಂಗಡಿಗರು ಸುಮಾರು 16 ಟೆಸ್ಲಾ ಬಲದ ಕಾಂತದ ಕೊಳವೆಯೊಳಗೆ ಜೀವಂತ ಕಪ್ಪೆಯನ್ನು ಬಿಟ್ಟಾಗ ಅದು ಗಾಳಿಯಲ್ಲಿ ತೇಲಿತು. ದಾರವಿಲ್ಲ, ಆಸರೆಯಿಲ್ಲ. ತನ್ನ ಮೈಯ ನೀರೇ ಅದನ್ನು ಎತ್ತಿಹಿಡಿದಿತ್ತು!

ಇದಕ್ಕಿಂತ ದೊಡ್ಡ ಬೆರಗು ಇನ್ನೊಂದಿದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. ನ್ಯೂಟನ್ನನಿಂದ ಮ್ಯಾಕ್ಸ್‌ವೆಲ್‌ವರೆಗಿನ ಹಳೆಯ ಭೌತಶಾಸ್ತ್ರವೊಂದೇ ನಿಜವಾಗಿದ್ದರೆ ಈ ಕಾಂತತ್ವಗಳಲ್ಲಿ ಒಂದೂ ಇರಕೂಡದು. ನೀಲ್ಸ್ ಬೋರ್ 1911ರ ತಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು. 1919ರಲ್ಲಿ ಹೆಂಡ್ರಿಕಾ ವಾನ್ ಲ್ಯೂವೆನ್ ಎಂಬ ಡಚ್ ಮಹಿಳೆ ಸ್ವತಂತ್ರವಾಗಿ ಅದೇ ಉತ್ತರಕ್ಕೆ ಬಂದರು. ಉಷ್ಣ ಸಮತೋಲದಲ್ಲಿರುವ ವಸ್ತುವಿನಲ್ಲಿ ಎಲೆಕ್ಟ್ರಾನುಗಳು ಹಳೆಯ ನಿಯಮಗಳಂತೆ ಸುತ್ತುತ್ತಿದ್ದರೆ ಒಟ್ಟು ಕಾಂತತ್ವ ಸೊನ್ನೆ, ನಿಖರವಾಗಿ ಸೊನ್ನೆ. ಅಂದರೆ ಪ್ರತಿಯೊಂದು ಅಯಸ್ಕಾಂತವೂ ಕ್ವಾಂಟಂ ಲೋಕದ ಸಾಕ್ಷಿ. ಗಂಗೆಯಲ್ಲಿ ನಾಣ್ಯ ಹೆಕ್ಕುವ ಹುಡುಗನ ಕೈಯಲ್ಲಿರುವುದು ಕ್ವಾಂಟಂ ಉಪಕರಣ! ಅದರ ಒಳಗೆ ಪ್ರತಿ ಎಲೆಕ್ಟ್ರಾನಿಗೂ ಹುಟ್ಟಿನಿಂದಲೇ ಬಂದ ಸ್ಪಿನ್ ಇದೆ, ಆ ಸ್ಪಿನ್ನಿನಿಂದಾಗಿ ಪ್ರತಿ ಎಲೆಕ್ಟ್ರಾನೂ ಒಂದು ಪುಟ್ಟ ಕಾಂತ. ಪರಮಾಣುವಿನಲ್ಲಿ ಅವು ಎದುರುಬದುರಾಗಿ ಜೋಡಿ ಕಟ್ಟಿಕೊಂಡರೆ ಒಂದರ ಕಾಂತತ್ವವನ್ನು ಇನ್ನೊಂದು ಅಳಿಸುತ್ತದೆ. ತಾಮ್ರ, ಬೆಳ್ಳಿ, ನೀರು, ರೇಷ್ಮೆಯ ಒಳಗಿನ ಕಥೆ ಹೆಚ್ಚುಕಡಿಮೆ ಇದೇ. ಉಳಿಯುವುದು ಹೊರಗಿನ ಕಾಂತವನ್ನು ತುಸು ಎದುರಿಸುವ ಗುಣ ಮಾತ್ರ, ಅದು ಎಲ್ಲ ವಸ್ತುವಿನಲ್ಲೂ ಇರುತ್ತದೆ. ಆದರೆ ಎಲ್ಲಿ ಒಂದು ಎಲೆಕ್ಟ್ರಾನ್ ಜೋಡಿಯಿಲ್ಲದೆ ಒಂಟಿಯಾಗಿ ಉಳಿಯಿತೋ ಅಲ್ಲಿಂದ ಬೇರೆ ಆಟ ಶುರು.

ಆ ಒಂಟಿ ಎಲೆಕ್ಟ್ರಾನುಗಳನ್ನು ನಾವು ಕ್ಷಣಕ್ಷಣವೂ ಉಸಿರಾಡುತ್ತೇವೆ. ಆಮ್ಲಜನಕದ ಒಂದೊಂದು ಅಣುವಿನಲ್ಲೂ ಜೋಡಿಯಾಗದ ಎರಡು ಎಲೆಕ್ಟ್ರಾನುಗಳಿವೆ, ಆದ್ದರಿಂದ ಅದು ಪ್ಯಾರಾಮ್ಯಾಗ್ನೆಟಿಕ್. ಅಯಸ್ಕಾಂತ ಬಂದರೆ ಅದರ ಕಡೆಗೆ ವಾಲುತ್ತದೆ, ಹೋದರೆ ಮರೆತುಬಿಡುತ್ತದೆ. ಮೈನಸ್ 183 ಡಿಗ್ರಿಗೆ ತಣಿಸಿ ದ್ರವ ಮಾಡಿ ಬಲವಾದ ಕಾಂತದ ಧ್ರುವಗಳ ನಡುವೆ ಸುರಿದರೆ ತಿಳಿನೀಲಿ ಆಮ್ಲಜನಕ ಕೆಳಗೆ ಬೀಳದೆ ಅಲ್ಲೇ ಸೇತುವೆ ಕಟ್ಟಿ ನಿಲ್ಲುತ್ತದೆ. ಇನ್ನು ನಮ್ಮ ರಕ್ತ! 1936ರಲ್ಲಿ ಲೈನಸ್ ಪಾಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ ಅಳೆದು ಕಂಡದ್ದನ್ನು ಎಷ್ಟು ಸಲ ಓದಿದರೂ ನನಗೆ ಮೈ ಜುಮ್ಮೆನ್ನುತ್ತದೆ. ಆಮ್ಲಜನಕವಿಲ್ಲದ ಹಿಮೋಗ್ಲೋಬಿನ್ ಪ್ಯಾರಾಮ್ಯಾಗ್ನೆಟಿಕ್. ಆಮ್ಲಜನಕವೂ ಪ್ಯಾರಾಮ್ಯಾಗ್ನೆಟಿಕ್. ಎರಡೂ ಕೂಡಿದಾಗ ಆಗುವ ಕಡುಗೆಂಪು ಹಿಮೋಗ್ಲೋಬಿನ್ ಡಯಾಮ್ಯಾಗ್ನೆಟಿಕ್! ಸೆಳೆತಕ್ಕೆ ಒಳಗಾಗುವ ಎರಡು ಸೇರಿ ಸೆಳೆತವೇ ಇಲ್ಲದ ಒಂದು. ಘಾಟಿನ ಮೆಟ್ಟಿಲ ಮೇಲೆ ಪ್ರಾಣಾಯಾಮಕ್ಕೆ ಕುಳಿತವರ ಎದೆಯಲ್ಲಿ ಉಸಿರು ಒಳಬಂದಾಗಲೆಲ್ಲ ಕೋಟಿ ಕೋಟಿ ಅಣುಗಳ ಕಾಂತತ್ವ ಹೀಗೆ ಮಗ್ಗುಲು ಬದಲಿಸುತ್ತದೆ. ಇದೇ ವ್ಯತ್ಯಾಸವನ್ನು ಹಿಡಿದು, ಮಿದುಳಿನ ಯಾವ ಭಾಗ ಕೆಲಸ ಮಾಡುತ್ತಿದೆ ಎಂದು ಇವತ್ತು ಎಂಆರ್‌ಐ ಯಂತ್ರ ಚಿತ್ರ ತೆಗೆಯುತ್ತದೆ. ಸೀಜಿ ಒಗಾವಾ ಆ ದಾರಿ ತೆರೆದದ್ದು 1990ರಲ್ಲಿ.

ಪಾಲಿಂಗ್ ಅವರ ರಾಸಾಯನಿಕ ಬಂಧದ ಮೇಲಿನ ಹೆಸರಾಂತ ಪುಸ್ತಕ 1939ರಲ್ಲಿ ಬಂತು. ಅಣುಗಳೊಳಗಿನ ಬಂಧ ಯಾವ ಬಗೆಯದು ಎಂದು ಅವುಗಳ ಕಾಂತತ್ವ ಅಳೆದು ಹೇಳಬಹುದು ಎಂಬ ವಿಚಾರ ಅದರಲ್ಲಿದೆ. ವಿದ್ಯಾರ್ಥಿದಿನಗಳಲ್ಲಿ ಆ ಪುಸ್ತಕ ಓದಿ ಅದರ ವಶವಾದ ಹುಡುಗನೊಬ್ಬ ಬೆಂಗಳೂರಿನವನು. ಮೈಸೂರು ವಿಶ್ವವಿದ್ಯಾಲಯದಲ್ಲಿ 1951ರಲ್ಲಿ ಬಿಎಸ್ಸಿ ಮುಗಿಸಿ, ಎಮ್ಮೆಸ್ಸಿಗೆಂದು ಕಾಶಿಗೆ ಬಂದು, 1953ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಪದವಿ ಪಡೆದ ಆ ಹುಡುಗನೇ ಮುಂದೆ ಭಾರತರತ್ನರಾದ ಸಿ.ಎನ್.ಆರ್. ರಾವ್. ಅವರು ಹಿಂದೆಮುಂದೆ ಓದಿದ ಎರಡು ವಿಶ್ವವಿದ್ಯಾಲಯಗಳೂ 1916ರಲ್ಲೇ ಹುಟ್ಟಿದವು, ಎರಡಕ್ಕೂ ಮೊದಲ ಕುಲಾಧಿಪತಿ ನಾಲ್ವಡಿ ಕೃಷ್ಣರಾಜ ಒಡೆಯರ್! ಕನ್ನಡದ ಹುಡುಗನಿಗೆ ಬಿಎಚ್‌ಯು ಪರಸ್ಥಳವೇನೂ ಆಗಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ.

ರಾವ್ ಬರುವ ಮೂವತ್ತು ವರ್ಷ ಮೊದಲು ಅದೇ ರಸಾಯನಶಾಸ್ತ್ರ ವಿಭಾಗದಲ್ಲಿ ಇನ್ನೊಬ್ಬರು ಓಡಾಡಿದ್ದರು. 1921ರಲ್ಲಿ ಲಂಡನ್ನಿನಿಂದ ಡಿಎಸ್ಸಿ ಪಡೆದು ನೇರವಾಗಿ ಇಲ್ಲಿಗೆ ಪ್ರೊಫೆಸರ್ ಆಗಿ ಬಂದ ಇಪ್ಪತ್ತೇಳರ ತರುಣ, ಶಾಂತಿಸ್ವರೂಪ್ ಭಟ್ನಾಗರ್. ಮೂರು ವರ್ಷ ಇದ್ದು ಲಾಹೋರಿಗೆ ಹೋದರು, ಹೋಗುವ ಮುನ್ನ ವಿಶ್ವವಿದ್ಯಾಲಯಕ್ಕೆ ಹಿಂದಿಯಲ್ಲಿ ಕುಲಗೀತೆ ಬರೆದುಕೊಟ್ಟರು. ಬಿಎಚ್‌ಯು ಸಮಾರಂಭಗಳಲ್ಲಿ ಇಂದಿಗೂ ವಿದ್ಯಾರ್ಥಿಗಳು ಎದ್ದುನಿಂತು ಹಾಡುವ ಹಾಡು ಭಾರತದ ಮೊದಲ ಸಾಲಿನ ಕಾಂತರಸಾಯನ ತಜ್ಞನ ಕವಿತೆ ಎಂದು ಅವರಲ್ಲಿ ಎಷ್ಟು ಜನರಿಗೆ ಗೊತ್ತೋ! ಲಾಹೋರಿನಲ್ಲಿ 1928ರಲ್ಲಿ ಅವರು ಸಂಗಡಿಗ ಮಾಥುರ್ ಜೊತೆಗೂಡಿ ಕಟ್ಟಿದ ಕಾಂತೀಯ ತಕ್ಕಡಿ ತೀರಾ ಸೂಕ್ಷ್ಮದ್ದು. ಕಾಂತದ ನಡುವೆ ವಸ್ತುವೊಂದು ಕೂದಲೆಳೆಗಿಂತ ಎಷ್ಟೋ ಕಡಿಮೆ ಸರಿದರೂ ಬೆಳಕಿನ ಅಲೆಗಳ ಪಟ್ಟೆಗಳು ಕದಲಿ ಅದನ್ನು ಹೇಳಿಬಿಡುತ್ತಿದ್ದವು. ಲಂಡನ್ನಿನ ಆಡಮ್ ಹಿಲ್ಗರ್ ಕಂಪನಿ ಆ ಉಪಕರಣವನ್ನು ತಯಾರಿಸಿ ಮಾರಿತು. 1935ರಲ್ಲಿ ಭಟ್ನಾಗರ್ ಮತ್ತು ಮಾಥುರ್ ಬರೆದ ಕಾಂತರಸಾಯನದ ಪುಸ್ತಕ ಲಂಡನ್ನಿನಲ್ಲೇ ಅಚ್ಚಾಯಿತು.

ಇಷ್ಟು ಹೊತ್ತು ಹೇಳಿದ್ದು ಮೆಲುದನಿಯ ಕಾಂತತ್ವಗಳನ್ನು. ಕಬ್ಬಿಣದ ಅಬ್ಬರ ಎಲ್ಲಿಂದ ಬಂತು? 1895ರಲ್ಲಿ ಪಿಯರ್ ಕ್ಯೂರಿ ಕಬ್ಬಿಣವನ್ನು ಕಾಯಿಸುತ್ತ ಹೋಗಿ, ಒಂದು ಉಷ್ಣತೆ ದಾಟಿದೊಡನೆ ಅದರ ಸೆಳೆತ ಇಳಿದುಹೋಗುವುದನ್ನು ದಾಖಲಿಸಿದ. ಕಬ್ಬಿಣಕ್ಕೆ ಅದು 770 ಡಿಗ್ರಿ, ನಿಕಲ್ಲಿಗೆ 358, ಕೋಬಾಲ್ಟಿಗೆ 1,100ಕ್ಕೂ ಮೇಲೆ. ಆ ಗಡಿಯ ಕೆಳಗೆ ಏನಾಗುತ್ತದೆಂದು 1907ರಲ್ಲಿ ಪಿಯರ್ ವೈಸ್ ಊಹಿಸಿದ: ಪಕ್ಕಪಕ್ಕದ ಪರಮಾಣುಗಳ ಸ್ಪಿನ್ನುಗಳು ಯಾರೂ ಹೇಳದೆಯೇ ಒಂದೇ ದಿಕ್ಕಿಗೆ ತಿರುಗಿ ನಿಲ್ಲುತ್ತವೆ. ಹಾಗೆ ಒಮ್ಮತವಾದ ಪ್ರದೇಶಗಳಿಗೆ ಡೊಮೈನ್ ಎಂದು ಹೆಸರು. ಮಾಮೂಲಿ ಮೊಳೆಯಲ್ಲಿ ಡೊಮೈನುಗಳು ಬೇರೆಬೇರೆ ದಿಕ್ಕಿಗಿರುವುದರಿಂದ ಒಟ್ಟು ಫಲ ಸೊನ್ನೆ. ಅಯಸ್ಕಾಂತ ಮುಟ್ಟಿದರೆ ಅವು ದಿಕ್ಕು ಬದಲಿಸುತ್ತವೆ. 1919ರಲ್ಲಿ ಜರ್ಮನಿಯ ಬಾರ್ಕ್‌ಹೌಸನ್ ಕಬ್ಬಿಣಕ್ಕೆ ತಂತಿ ಸುತ್ತಿ ಆಂಪ್ಲಿಫೈಯರಿಗೆ ಜೋಡಿಸಿ, ಅವು ದಿಕ್ಕು ಬದಲಿಸುವ ಚಟಪಟ ಸದ್ದನ್ನು ಕಿವಿಯಾರೆ ಕೇಳಿದ.

ಬನಾರಸ್ಸಿನ ಗಲ್ಲಿಗಳಲ್ಲಿ ನಮಗೂ ಅದರ ನೆಂಟಸ್ತಿಕೆಯ ಸದ್ದು ಕೇಳಿಸುತ್ತದೆ. ಮೂಲೆಯ ಟ್ರಾನ್ಸ್‌ಫಾರ್ಮರಿನ ಆ ಎಡೆಬಿಡದ ಗುಂಯ್‌ಗುಡುವಿಕೆ! ಒಳಗಿನ ಸಿಲಿಕಾನ್ ಉಕ್ಕಿನ ಹಾಳೆಗಳು ಕಾಂತವಾಗುವಾಗ ಹತ್ತು ಲಕ್ಷದಲ್ಲಿ ಕೆಲವು ಭಾಗದಷ್ಟು ಉದ್ದ ಬದಲಿಸುತ್ತವೆ. ಸೆಕೆಂಡಿಗೆ 50 ಸಲ ತಿರುಗುಮುರುಗಾಗುವ ಕರೆಂಟು ಸೆಕೆಂಡಿಗೆ 100 ಸಲ ಅವನ್ನು ಹಿಗ್ಗಿಸಿ ಕುಗ್ಗಿಸುತ್ತದೆ. ಕಾಂತವಾದ ಕಬ್ಬಿಣ ಉದ್ದ ಬದಲಿಸುವುದನ್ನು ಜೌಲ್ 1842ರಲ್ಲೇ ಅಳೆದಿದ್ದ. ಊರಿನ ಇನ್ನೊಂದು ಬದಿಯ ಬನಾರಸ್ ಲೋಕೋಮೋಟಿವ್ ವರ್ಕ್ಸ್‌ನಲ್ಲಿ ಜೋಡಣೆಯಾಗುವ ಎಲೆಕ್ಟ್ರಿಕ್ ಎಂಜಿನ್ನುಗಳು ಸಾವಿರಾರು ಟನ್ ಎಳೆಯುವುದೂ ಕಾಂತದ ಬಲದಿಂದಲೇ. ಅಲ್ಲಿ ಬೇಕಾದದ್ದು ಬೇಗ ದಿಕ್ಕು ಬದಲಿಸುವ ಮೃದು ಕಾಂತ. ಘಾಟಿನ ಹುಡುಗನಿಗೆ ಬೇಕಾದದ್ದು ದಿಕ್ಕು ಬಿಟ್ಟುಕೊಡದ ಹಠದ ಕಾಂತ.

ಹಾಗಾದರೆ ಅಡುಗೆಮನೆಯ ಒಳ್ಳೆಯ ಸ್ಟೀಲ್ ಪಾತ್ರೆಗೆ ಅಯಸ್ಕಾಂತ ಯಾಕೆ ಅಂಟುವುದಿಲ್ಲ? ಅದರಲ್ಲಿ ಕಬ್ಬಿಣವೂ ಇದೆ, ನಿಕಲ್ಲೂ ಇದೆ, ಎರಡೂ ಸ್ವತಃ ಪ್ರಬಲ ಕಾಂತಗಳು! ನೂರಕ್ಕೆ 18 ಪಾಲು ಕ್ರೋಮಿಯಂ, 8 ಪಾಲು ನಿಕಲ್ ಬೆರೆತಾಗ ಕಬ್ಬಿಣದ ಪರಮಾಣುಗಳು ಬೇರೊಂದು ಸ್ಫಟಿಕ ಜೋಡಣೆಗೆ ಹೊರಳುತ್ತವೆ, ಅಲ್ಲಿ ಆ ಒಮ್ಮತ ಹುಟ್ಟುವುದೇ ಇಲ್ಲ. ನಿಕಲ್ ಸೇರಿಸದೆ ಕ್ರೋಮಿಯಂ ಮಾತ್ರ ಬೆರೆಸಿದ ನಾಣ್ಯದ ಉಕ್ಕು ಹಳೆಯ ಜೋಡಣೆಯಲ್ಲೇ ಉಳಿಯುತ್ತದೆ, ಅಂಟುತ್ತದೆ. ಹಿಂದಿನ ತಾಮ್ರ–ನಿಕಲ್ ನಾಣ್ಯದಲ್ಲಿ ಕಾಲು ಪಾಲು ನಿಕಲ್ ಇದ್ದೂ ಸೆಳೆತವಿಲ್ಲ. ಹಳದಿ ಐದು ರೂಪಾಯಿ ತಾಮ್ರ, ಸತು, ಕೊಂಚ ನಿಕಲ್ಲಿನ ಹಿತ್ತಾಳೆ, ಅದಕ್ಕೂ ಇಲ್ಲ. ಇದರ ಉಲ್ಟಾ ಇನ್ನೂ ಸೋಜಿಗ. 1903ರಲ್ಲಿ ಫ್ರೆಡ್ರಿಕ್ ಹಾಯ್ಸ್ಲರ್ ತಾಮ್ರ, ಮ್ಯಾಂಗನೀಸ್, ಅಲ್ಯುಮಿನಿಯಂ ಕರಗಿಸಿ ಬೆರೆಸಿದ. ಮೂರರಲ್ಲಿ ಒಂದೂ ಅಯಸ್ಕಾಂತಕ್ಕೆ ಅಂಟದು. ಬೆರಕೆ ಅಂಟಿತು!

ಕಾಶಿಯ ಹವೆಯ ಬಗ್ಗೆ ಈಗ ಹೇಳಬೇಕು. ಜನವರಿಯ ಮಂಜಿನ ಬೆಳಗಿನಲ್ಲಿ ಇಲ್ಲಿ ಉಷ್ಣತೆ 10 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಮೇ, ಜೂನಿನಲ್ಲಿ ‘ಲೂ’ ಎಂಬ ಬಿಸಿಗಾಳಿ ಬೀಸಿದಾಗ 45ರ ಹತ್ತಿರ ಹೋಗುತ್ತದೆ. ಪ್ರಕೃತಿ ಎರಡು ಶುದ್ಧ ಲೋಹಗಳ ಕಾಂತೀಯ ಗಡಿಗಳನ್ನು ಸರಿಯಾಗಿ ಈ ಹರಹಿನೊಳಗೇ ಇಟ್ಟಿದೆ! ಒಂದು ಗಡೋಲಿನಿಯಂ. ಅದರ ಕ್ಯೂರಿ ಬಿಂದು ಸುಮಾರು 20 ಡಿಗ್ರಿ ಎಂದು ಅರ್ಬಾಂ, ವೈಸ್, ತ್ರೋಂಬ್ 1935ರಲ್ಲಿ ಕಂಡುಹಿಡಿದರು. ಮಾಘಸ್ನಾನದ ಚಳಿಯಲ್ಲಿ ಗಡೋಲಿನಿಯಂ ತುಂಡು ಕಬ್ಬಿಣದಂತೆಯೇ ಅಯಸ್ಕಾಂತಕ್ಕೆ ಹಾರಿ ಅಂಟಿಕೊಳ್ಳುತ್ತದೆ. ಅದೇ ತುಂಡು ಜ್ಯೇಷ್ಠದ ಮಧ್ಯಾಹ್ನ ಫೆರೋಮ್ಯಾಗ್ನೆಟ್ ಆಗಿ ಉಳಿದಿರುವುದಿಲ್ಲ. ಅದರ ಸ್ಪಿನ್ನುಗಳ ಒಮ್ಮತ ಮುರಿದು ಅದು ಬರೀ ಪ್ಯಾರಾಮ್ಯಾಗ್ನೆಟ್ ಆಗಿರುತ್ತದೆ. ಋತು ಬದಲಾದಂತೆ ಜಾತಿಯನ್ನೇ ಬದಲಿಸುವ ಲೋಹ! ಈ ಗಡಿಯ ಹತ್ತಿರ ಕಾಂತಕ್ಷೇತ್ರ ಹಾಕಿದರೆ ಗಡೋಲಿನಿಯಂ ಬಿಸಿಯಾಗುತ್ತದೆ, ತೆಗೆದರೆ ತಣ್ಣಗಾಗುತ್ತದೆ. 1976ರಲ್ಲಿ ಜೆರಾಲ್ಡ್ ಬ್ರೌನ್ ಅನಿಲವೇ ಇಲ್ಲದ ಕಾಂತೀಯ ಶೈತ್ಯಯಂತ್ರವನ್ನು ಅದರಿಂದ ಮಾಡಿ ತೋರಿಸಿದರು. ಆಸ್ಪತ್ರೆಯಲ್ಲಿ ಎಂಆರ್‌ಐಗೆ ಮೊದಲು ಕೆಲವು ರೋಗಿಗಳ ರಕ್ತನಾಳಕ್ಕೆ ಚುಚ್ಚುವ ದ್ರಾವಣದಲ್ಲಿರುವುದೂ ಗಡೋಲಿನಿಯಮ್ಮೇ. ಅದರ ಒಂದೊಂದು ಅಯಾನಿನಲ್ಲೂ ಏಳು ಒಂಟಿ ಎಲೆಕ್ಟ್ರಾನುಗಳಿವೆ.

ಎರಡನೆಯದು ಕ್ರೋಮಿಯಂ. ಅದರ ಗಡಿ ಸುಮಾರು 38 ಡಿಗ್ರಿ, ನಮ್ಮ ಮೈಶಾಖಕ್ಕಿಂತ ಒಂದೇ ಡಿಗ್ರಿ ಮೇಲೆ. ಆದರೆ ಈ ಗಡಿಯ ಕೆಳಗೆ ಕ್ರೋಮಿಯಂ ಅಯಸ್ಕಾಂತವಾಗುವುದಿಲ್ಲ. ಯಾವ ತಕ್ಕಡಿಗೂ ಸುಲಭವಾಗಿ ಸಿಗದ ಗುಪ್ತ ಕಾಂತವಾಗುತ್ತದೆ. ಒಂದರ ಸ್ಪಿನ್ ಮೇಲಕ್ಕಿದ್ದರೆ ಪಕ್ಕದ್ದು ಕೆಳಕ್ಕೆ, ಮತ್ತೆ ಮೇಲಕ್ಕೆ, ಮತ್ತೆ ಕೆಳಕ್ಕೆ. ಇದು ಆಂಟಿಫೆರೋಮ್ಯಾಗ್ನೆಟಿಸಂ. ಊರಹಬ್ಬದ ಹಗ್ಗಜಗ್ಗಾಟದಲ್ಲಿ ಎರಡು ಕಡೆಯ ಬಲವೂ ಸಮವಾದಾಗ ಹಗ್ಗ ಅಲುಗದು, ನೋಡುವವರಿಗೆ ಯಾರೂ ಎಳೆಯುತ್ತಲೇ ಇಲ್ಲವೆನಿಸುತ್ತದೆ, ಆದರೆ ಒಳಗೆ ಎಷ್ಟು ಬಿಗಿ! ಫ್ರಾನ್ಸಿನ ಲೂಯಿ ನೀಲ್ 1930ರ ದಶಕದಲ್ಲಿ ಇಂಥದ್ದು ಇರಲೇಬೇಕೆಂದು ಕಾಗದದ ಮೇಲೆ ಕಂಡರು. ಹೊರಗೆ ಏನೂ ತೋರದ ಈ ಶಿಸ್ತನ್ನು ಕಣ್ಣಿಗೆ ಕಾಣಿಸುವ ಉಪಾಯವೇ ಆಗ ಇರಲಿಲ್ಲ. ಅಣುರಿಯಾಕ್ಟರು ಬಂದ ಮೇಲೆ 1949ರಲ್ಲಿ ಅಮೆರಿಕದ ಓಕ್ ರಿಜ್‌ನಲ್ಲಿ ಕ್ಲಿಫರ್ಡ್ ಶಲ್ ಮತ್ತು ಸ್ಯಾಮ್ಯುಯಲ್ ಸ್ಮಾರ್ಟ್ ಮ್ಯಾಂಗನೀಸ್ ಆಕ್ಸೈಡಿನ ಮೇಲೆ ನ್ಯೂಟ್ರಾನುಗಳನ್ನು ಹಾಯಿಸಿದರು. ನ್ಯೂಟ್ರಾನೂ ಒಂದು ಪುಟ್ಟ ಕಾಂತವಾದ್ದರಿಂದ ಅದು ಮೇಲು–ಕೆಳಗಿನ ಸಾಲನ್ನು ಓದಿ ಹೇಳಿತು. ನೀಲ್ ಅವರಿಗೆ 1970ರಲ್ಲಿ, ಶಲ್ ಅವರಿಗೆ 1994ರಲ್ಲಿ ನೊಬೆಲ್ ಬಂತು.

ಹಗ್ಗಜಗ್ಗಾಟದ ಒಂದು ಕಡೆ ಒಬ್ಬ ಹೆಚ್ಚಾದರೆ? ಅದೇ ಫೆರಿಮ್ಯಾಗ್ನೆಟಿಸಂ. ಇದನ್ನೂ 1948ರಲ್ಲಿ ಬಿಡಿಸಿದವರು ನೀಲ್. ಮ್ಯಾಗ್ನಟೈಟ್ ಕಲ್ಲಿನ ಮೂರು ಕಬ್ಬಿಣದ ಅಯಾನುಗಳಲ್ಲಿ ಎರಡು ಎದುರುಬದುರು ನಿಂತು ಒಂದನ್ನೊಂದು ಅಳಿಸುತ್ತವೆ, ಮೂರನೆಯದರ ಬಲ ಉಳಿಯುತ್ತದೆ. ಮನುಷ್ಯ ಮೊದಲು ಕಂಡ ಸೂಜಿಗಲ್ಲು ಇದೇ. ಆದ್ದರಿಂದ ನಮ್ಮ ಹಿರಿಯರಿಗೆ ಮೊದಲು ಸಿಕ್ಕ ಕಾಂತತ್ವ ಫೆರೋ ಅಲ್ಲ, ಫೆರಿ! ಅದಕ್ಕೂ ಕಾಶಿಯ ನಂಟಿದೆ. ಕಾಶಿರಾಜ ದಿವೋದಾಸ ಧನ್ವಂತರಿಯ ಉಪದೇಶವೆಂದು ಬಂದ ಸುಶ್ರುತ ಸಂಹಿತೆಯಲ್ಲಿ ಮೈಯೊಳಗೆ ಹೊಕ್ಕ ಕಬ್ಬಿಣದ ಚೂರನ್ನು ಅಯಸ್ಕಾಂತದಿಂದ ತೆಗೆಯುವ ವಿಧಾನವಿದೆ. ಚೂರು ಹೊಕ್ಕ ದಿಕ್ಕಿಗೇ ನೆಟ್ಟಗಿರಬೇಕು, ಎಲ್ಲೂ ಸಿಕ್ಕಿಕೊಂಡಿರಬಾರದು, ಅದಕ್ಕೆ ಕೊಕ್ಕೆಯಿರಬಾರದು, ಗಾಯದ ಬಾಯಿ ಅಗಲವಾಗಿರಬೇಕು. ಈ ನಾಲ್ಕೂ ಕೂಡಿದರೆ ಮಾತ್ರ ಕಲ್ಲು ಹಿಡಿ ಎನ್ನುವ ಆ ಎಚ್ಚರಿಕೆ ನೂರಾರು ಗಾಯ ನೋಡಿದ ಕೈಯದಲ್ಲದೆ ಇನ್ನಾರದು!

ಕಾಶಿಯ ಪಕ್ಕದ ಸಾರನಾಥದ ಧಮೇಕ್ ಸ್ತೂಪದ ಇಟ್ಟಿಗೆಗಳಿಗೆ ಕೆಂಪು ಬಂದದ್ದು ಹೆಮಟೈಟಿನಿಂದ. ಅದರ ಸ್ಪಿನ್ನುಗಳು ಹೆಚ್ಚುಕಡಿಮೆ ಪೂರ್ತಿ ಎದುರುಬದುರು, ಆದರೆ ಒಂದು ಡಿಗ್ರಿಗೂ ಕಡಿಮೆ ಓರೆ. ಆ ಇಷ್ಟೇ ಇಷ್ಟು ಓರೆಯಿಂದ ಸಣ್ಣದೊಂದು ಕಾಂತ ಉಳಿಯುತ್ತದೆ. ಗುಪ್ತರ ಕಾಲದ ಭಟ್ಟಿಯಲ್ಲಿ ಚೆನ್ನಾಗಿ ಬೆಂದ ಇಟ್ಟಿಗೆ ತಣಿಯುವಾಗ ಅದರೊಳಗಿನ ಕಬ್ಬಿಣದ ಆಕ್ಸೈಡ್ ಕಣಗಳು ಆ ದಿನ ಭೂಮಿಯ ಕಾಂತಕ್ಷೇತ್ರ ಎಷ್ಟು ಬಲವಾಗಿತ್ತೆಂಬುದನ್ನು ಬರೆದಿಟ್ಟುಕೊಂಡವು. ಹಳೆಯ ಇಟ್ಟಿಗೆ, ಮಡಕೆಗಳನ್ನು ಮತ್ತೆ ಕಾಯಿಸಿ ಆ ಬರಹ ಓದುವ ವಿದ್ಯೆಯನ್ನು ಫ್ರಾನ್ಸಿನ ತೆಲಿಯೆ ದಂಪತಿ ಬೆಳೆಸಿದರು.

ಕಾಶಿಯಿಂದ ಹೊರಟ ರಾವ್ ಅವರ ಕಡೆಗೆ ಮರಳುತ್ತೇನೆ, ಏಕೆಂದರೆ ಈ ಬಗೆಗಳ ನಡುವಿನ ಗೋಡೆಗಳು ಎಷ್ಟು ತೆಳು ಎಂಬುದು ನನಗೆ ಅರಿವಾದದ್ದು ಅವರು ಆರಿಸಿಕೊಂಡ ವಸ್ತುಗಳನ್ನು ನೋಡಿದಾಗಲೇ. ಕಾನ್ಪುರ ಐಐಟಿಯಲ್ಲಿದ್ದಾಗ ಅವರು ಮತ್ತು ಸಂಗಡಿಗರು ಲ್ಯಾಂಥನಂ ಕೋಬಾಲ್ಟೇಟ್ ಎಂಬ ಕಪ್ಪು ಆಕ್ಸೈಡಿನ ಬೆನ್ನು ಹತ್ತಿದರು. ಕಾಯಿಸಿದರೆ ಕಾಂತತ್ವ ಕುಂದಬೇಕು, ಅದು ಕ್ಯೂರಿ ಕಾಲದ ಪಾಠ. ಈ ವಸ್ತು ಕಡುಚಳಿಯಲ್ಲಿ ಕಾಂತತ್ವವನ್ನು ಕಳೆದುಕೊಂಡು, ಶಾಖ ಕೊಟ್ಟಾಗ ಪಡೆಯುತ್ತದೆ! ತಣ್ಣಗಿದ್ದಾಗ ಕೋಬಾಲ್ಟಿನ ಎಲೆಕ್ಟ್ರಾನುಗಳು ಜೋಡಿ ಕಟ್ಟಿ ಕುಳಿತಿರುತ್ತವೆ, ಶಾಖ ಆ ಜೋಡಿಗಳನ್ನು ಬಿಡಿಸಿ ಒಂಟಿ ಮಾಡುತ್ತದೆ. 1976ರಲ್ಲಿ ಬೆಂಗಳೂರಿಗೆ ಮರಳಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಘನಸ್ಥಿತಿ ರಸಾಯನದ ವಿಭಾಗ ಕಟ್ಟಿದ ಮೇಲೆ ಪದರಪದರವಾದ ಆಕ್ಸೈಡುಗಳು ಅವರ ಕೈಗೆ ಬಂದವು. ಅವುಗಳಲ್ಲೊಂದು ಲ್ಯಾಂಥನಂ ತಾಮ್ರದ ಆಕ್ಸೈಡ್. ವಿದ್ಯುತ್ ಹರಿಯಗೊಡದ ಆಂಟಿಫೆರೋಮ್ಯಾಗ್ನೆಟ್, ಆಗಿನ ಲೋಕದ ಕಣ್ಣಿಗೆ ಯಾವ ಮಹತ್ವವೂ ಇಲ್ಲದ್ದು.

1986ರಲ್ಲಿ ಸ್ವಿಟ್ಜರ್ಲೆಂಡಿನ ಬೆಡ್ನೋರ್ಜ್ ಮತ್ತು ಮ್ಯುಲ್ಲರ್ ಅದೇ ಆಕ್ಸೈಡಿಗೆ ಕೊಂಚ ಬೇರಿಯಂ ಬೆರೆಸಿದರು. ಅದು ಅತಿವಾಹಕವಾಯಿತು! ಅತಿವಾಹಕವೆಂದರೆ ಕಾಂತಕ್ಷೇತ್ರವನ್ನು ತನ್ನ ಒಡಲಿನಿಂದ ಪೂರ್ತಿ ಹೊರಹಾಕುವ ಪರಿಪೂರ್ಣ ಡಯಾಮ್ಯಾಗ್ನೆಟ್. ಗಂಗೆಯ ನೀರಿನಲ್ಲಿ ಲಕ್ಷಕ್ಕೆ ಒಂದು ಪಾಲೂ ಇಲ್ಲದ ಆ ಗುಣ ಇಲ್ಲಿ ನೂರಕ್ಕೆ ನೂರು. ಹಗ್ಗಜಗ್ಗಾಟದಲ್ಲಿ ಸಿಕ್ಕಿಬಿದ್ದಿದ್ದ ಸ್ಪಿನ್ನುಗಳ ನಡುವೆ ನಾಲ್ಕು ಪರಮಾಣು ಬದಲಿಸಿದ್ದಷ್ಟೇ, ಆಂಟಿಫೆರೋ ಹೋಗಿ ಡಯಾ ಪರಾಕಾಷ್ಠೆಗೆ ಏರಿತು. ಆ ವಸ್ತುವಿನ ಕುಲದ ಪರಿಚಯ ಮೊದಲೇ ಇದ್ದ ಬೆಂಗಳೂರಿನ ಗುಂಪು 1987ರ ಆರಂಭದಲ್ಲೇ ದ್ರವ ಸಾರಜನಕದ ಉಷ್ಣತೆಗಿಂತ ಮೇಲೆ, 90 ಕೆಲ್ವಿನ್‌ನ ಆಸುಪಾಸಿನಲ್ಲಿ ಅತಿವಾಹಕವಾಗುವ ಇಟ್ರಿಯಂ ಆಕ್ಸೈಡಿನ ಓಟದಲ್ಲಿ ಜಗತ್ತಿನ ಮುಂಚೂಣಿಯಲ್ಲಿತ್ತು. ತೊಂಬತ್ತರ ದಶಕದಲ್ಲಿ ಸರದಿ ಮ್ಯಾಂಗನೇಟುಗಳದು. ಲ್ಯಾಂಥನಂ ಮ್ಯಾಂಗನೇಟ್ ಆಂಟಿಫೆರೋ, ವಿದ್ಯುತ್ ರೋಧಕ. ಒಂದಿಷ್ಟು ಲ್ಯಾಂಥನಂ ತೆಗೆದು ಕ್ಯಾಲ್ಸಿಯಂ ಇಟ್ಟರೆ ಫೆರೋ, ಲೋಹದಂತೆ ವಾಹಕ. ಬಲವಾದ ಅಯಸ್ಕಾಂತ ತಂದರೆ ಅದರ ವಿದ್ಯುತ್ ರೋಧ ಸಾವಿರಾರು ಪಟ್ಟು ಕುಸಿಯುವುದೂ ಉಂಟು. ಈ ಮ್ಯಾಂಗನೇಟುಗಳ ಮೇಲೆ ರಾವ್ ಮತ್ತು ಫ್ರಾನ್ಸಿನ ಬರ್ನಾರ್ ರಾವೋ ಸಂಪಾದಿಸಿದ ಸಂಪುಟ 1998ರಲ್ಲಿ ಬಂತು.

ಜರಿಯ ಚಿನ್ನವನ್ನೂ ಇಲ್ಲಿ ನೆನೆಯಬೇಕು. ಅಪ್ಪಟ ಚಿನ್ನಕ್ಕೆ ನೂರಕ್ಕೆ ಕೆಲವೇ ಪಾಲು ಕಬ್ಬಿಣ ಬೆರೆಸಿ ತಣಿಸಿದರೆ ಸ್ಪಿನ್ನುಗಳು ಯಾವ ಕ್ರಮಕ್ಕೂ ಬರದೆ, ಬಿದ್ದ ದಿಕ್ಕಿನಲ್ಲೇ ಹೆಪ್ಪುಗಟ್ಟುತ್ತವೆ. 1972ರಲ್ಲಿ ಕಂಡ ಈ ಬಗೆಗೆ ಸ್ಪಿನ್ ಗ್ಲಾಸ್ ಎಂದು ಹೆಸರು. ಅದರ ಗಣಿತ ಬಿಡಿಸಿದ ಜಾರ್ಜೊ ಪರೀಸಿ 2021ರ ನೊಬೆಲ್ಲಿನ ಪಾಲುದಾರರಾದರು.

ಪಟ್ಟಿ ಮುಗಿಯಿತು ಎಂದುಕೊಂಡವರಿಗೆ ಈಚೆಗೆ ಹೊಸದೊಂದು ಬಗೆ ಎದುರಾಗಿದೆ, ಆಲ್ಟರ್‌ಮ್ಯಾಗ್ನೆಟಿಸಂ. ಪ್ರಾಗ್ ಮತ್ತು ಮೈನ್ಸ್‌ನ ಸಿದ್ಧಾಂತಿಗಳು 2022ರಲ್ಲಿ ಅದಕ್ಕೆ ಹೆಸರಿಟ್ಟು ರೂಪ ಕೊಟ್ಟರು. ಸ್ಪಿನ್ನುಗಳು ಆಂಟಿಫೆರೋದಂತೆ ಎದುರುಬದುರು, ಹೊರಗೆ ಕಾಂತವಿಲ್ಲ. ಆದರೆ ಒಂದು ಪರಮಾಣುವಿನ ಸುತ್ತಣ ಸ್ಫಟಿಕದ ಜೋಡಣೆ ಪಕ್ಕದ್ದಕ್ಕೆ ಹೋಲಿಸಿದರೆ ತಿರುಗಿಸಿಟ್ಟಂತಿರುವುದರಿಂದ, ಒಳಗೆ ಹರಿಯುವ ಎಲೆಕ್ಟ್ರಾನುಗಳು ಮಾತ್ರ ಫೆರೋಮ್ಯಾಗ್ನೆಟ್ಟಿನಲ್ಲಿದ್ದಂತೆ ಸ್ಪಿನ್ನಿನ ಪ್ರಕಾರ ಬೇರ್ಪಡುತ್ತವೆ. ಮ್ಯಾಂಗನೀಸ್ ಟೆಲ್ಯುರೈಡಿನಲ್ಲಿ ಇದು ಕಣ್ಣಿಗೆ ಬಿದ್ದದ್ದು 2024ರಲ್ಲಿ. ಹಿಂದೆ ಸಾದಾ ಆಂಟಿಫೆರೋ ಎಂದು ಬದಿಗಿಟ್ಟಿದ್ದ ಎಷ್ಟೋ ವಸ್ತುಗಳನ್ನು ಕಪಾಟಿನಿಂದ ತೆಗೆದು ಮತ್ತೆ ಅಳೆಯುವ ಕೆಲಸ ಈಗ ಲೋಕದ ಪ್ರಯೋಗಾಲಯಗಳಲ್ಲಿ ಭರದಿಂದ ನಡೆದಿದೆ. ಅವುಗಳ ಮುಂಚೂಣಿಯಲ್ಲಿ ಕ್ರೋಮಿಯಂ ಮತ್ತು ಆಂಟಿಮನಿ ಕೂಡಿದ ಸ್ಫಟಿಕವಿದೆ. ಒಂಟಿ ಕ್ರೋಮಿಯಂ 38 ಡಿಗ್ರಿಗೇ ಕಳೆದುಕೊಳ್ಳುವ ಸ್ಪಿನ್ನುಗಳ ಕ್ರಮವನ್ನು ಈ ಜೋಡಿ 400 ಡಿಗ್ರಿ ದಾಟಿದ ಮೇಲೂ ಉಳಿಸಿಕೊಳ್ಳುತ್ತದೆ.